ಪಾಪ್-ಪಂಕ್ ಹುಡುಗರಿಗೆ ವಯಸ್ಸಾದಾಗ

ಕೇಳುಗ ಬಂಧುಗಳಿಗೆ ನಮಸ್ಕಾರ.

ದಾವಣಗೆರೆಯ ಇಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ಗಿಟಾರ್ ಹಿಡಿದ ಹುಡುಗರು ಸಿಕ್ಕಾಗಲೆಲ್ಲ ಒಂದು ದೂರು ಹೇಳುತ್ತಾರೆ: "ಸರ್, ಗ್ರೀನ್ ಡೇ ಮೊದಲಿನ ಹಂಗಿಲ್ಲ. ಬ್ಲಿಂಕ್-182 ಕೂಡ ಕೆಟ್ಟುಹೋಯ್ತು." ಇವೆರಡೂ ಅಮೆರಿಕದ ಪಾಪ್-ಪಂಕ್ ತಂಡಗಳು; ಪಂಕ್ ಅಂದರೆ ಒರಟು ಗಿಟಾರಿನ, ವೇಗದ ರಾಕ್ ಸಂಗೀತ. ಪಾಪ್-ಪಂಕ್ ಮೇಲೆ ಅವರಿಗಿರುವ ಪ್ರೀತಿ ನನಗೂ ಇದೆ. ಆ ದೂರನ್ನು ಮಾತ್ರ ನಾನು ಒಪ್ಪಲಾರೆ.

ಈ ಸಂಗೀತದ ಬೇರು ಎರಡು ಊರುಗಳಲ್ಲಿದೆ. 1974ರಲ್ಲಿ ನ್ಯೂಯಾರ್ಕ್‌ನಲ್ಲಿ ರಮೋನ್ಸ್ ತಂಡ ಶುರುವಾಯಿತು. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ಲ, ಆ ಅಸಲಿ ಮ್ಯಾಂಚೆಸ್ಟರಿನಲ್ಲಿ 1976ರಲ್ಲಿ ಬಜ್‌ಕಾಕ್ಸ್ ಹುಟ್ಟಿತು. ಪಂಕ್‌ನ ಓಟ, ಕೇಳಿದ ಕೂಡಲೇ ಬಾಯಿಗೆ ಬರುವ ಧಾಟಿ, ಎರಡೂ ಸೇರಿದ್ದು ಈ ಎರಡು ಊರುಗಳಲ್ಲಿಯೇ.

ಗಿಟಾರ್‌ನಲ್ಲಿ ಇವರು ಹಿಡಿಯುವುದು ಪವರ್ ಕಾರ್ಡ್. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಅದರಲ್ಲಿರುವುದು ಷಡ್ಜ, ಪಂಚಮ, ಮತ್ತೆ ಮೇಲಿನ ಷಡ್ಜ. ಅಂದರೆ ಹೆಚ್ಚುಕಡಿಮೆ ನಮ್ಮ ತಂಬೂರಿಯ ಸ್ವರಗಳೇ. ಕಾರ್ಡಿನ ಸಂತೋಷ-ದುಃಖವನ್ನು ಹೇಳುವ ಗಾಂಧಾರವನ್ನು ಬಿಟ್ಟಿರುವುದಕ್ಕೆ ಕಾರಣವಿದೆ: ಆಂಪ್ಲಿಫೈಯರ್‌ನಲ್ಲಿ ನಾದವನ್ನು ಒರಟು ಮಾಡಿದಾಗ ಗಾಂಧಾರ ಕಲಸಿಹೋಗುತ್ತದೆ, ಸ-ಪ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಗಾಂಧಾರವಿಲ್ಲದ ಮೇಲೆ ಆ ಕಾರ್ಡಿಗೆ ತನ್ನದೇ ಆದ ಸಂತೋಷವೂ ಇಲ್ಲ, ದುಃಖವೂ ಇಲ್ಲ. ಭಾವ ಬರಬೇಕಾದದ್ದು ಹಾಡುವವನ ಗಂಟಲಿನಿಂದ, ಅವನ ಮಾತಿನಿಂದ. ಹಾಗಾಗಿ ಹಾಡುವವನ ಬದುಕು ಬದಲಾದರೆ ಹಾಡೂ ಬದಲಾಗಲೇಬೇಕು.

ಗ್ರೀನ್ ಡೇ ಬೆಳೆದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಗಿಲ್ಮನ್ ಸ್ಟ್ರೀಟ್ ಕ್ಲಬ್ಬಿನಲ್ಲಿ. ದೊಡ್ಡ ರೆಕಾರ್ಡ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡವರಿಗೆ ಅಲ್ಲಿ ವೇದಿಕೆ ಇರಲಿಲ್ಲ. ಇವರಿಗೂ ಬಾಗಿಲು ಮುಚ್ಚಿತು, ಮತ್ತೆ ಅಲ್ಲಿ ನುಡಿಸಿದ್ದು 2015ರಲ್ಲಿ. ಅಷ್ಟರಲ್ಲಿ ಇವರ 1994ರ ಆಲ್ಬಂ 'ಡೂಕಿ' ಅಮೆರಿಕದಲ್ಲೇ ಒಂದು ಕೋಟಿಗಿಂತ ಹೆಚ್ಚು ಪ್ರತಿ ಮಾರಾಟವಾಗಿತ್ತು. ಅದರ ತುಂಬ ಬೇಜಾರು, ಗಾಬರಿ, ಸೋಮಾರಿತನ: ಇಪ್ಪತ್ತರ ಹರೆಯದ ಸರಕು. ಹತ್ತು ವರ್ಷದ ನಂತರ, ಇರಾಕ್ ಯುದ್ಧದ ದಿನಗಳಲ್ಲಿ, ಅದೇ ಮೂವರು 'ಅಮೆರಿಕನ್ ಈಡಿಯಟ್' ಆಲ್ಬಂ ಮಾಡಿದರು. ಅದರ ಎರಡು ಹಾಡುಗಳು ಒಂಬತ್ತು ನಿಮಿಷ ಓಡುತ್ತವೆ. 2010ರಲ್ಲಿ ಅದು ನಾಟಕವಾಗಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯನ್ನೂ ಹತ್ತಿತು. ಬದಲಾದದ್ದೆಲ್ಲ ಚೆನ್ನ ಅಂತ ನಾನು ಹೇಳುವುದಿಲ್ಲ. ಆದರೆ ಇವರು 2012ರಲ್ಲಿ ಸಾಲಾಗಿ ತಂದ ಮೂರು ಆಲ್ಬಂಗಳಲ್ಲಿ ಹಳೇ ಹುಡುಗಾಟಕ್ಕೆ ಮರಳುವ ಆಸೆ ಎದ್ದು ಕಾಣುತ್ತದೆ, ನನ್ನ ಕಿವಿಗೆ ಅವೇ ಸಪ್ಪೆ.

ನನಗೆ ಎಲ್ಲರಿಗಿಂತ ಇಷ್ಟ ಡಿಸೆಂಡೆಂಟ್ಸ್. ಇವರ 1982ರ ಆಲ್ಬಂ ಹೆಸರೇ 'ಮೈಲೋ ಗೋಸ್ ಟು ಕಾಲೇಜ್'. ಗಾಯಕ ಮೈಲೋ ಆಕರ್‌ಮನ್ ನಿಜವಾಗಿಯೂ ಕಾಲೇಜಿಗೆ ಹೋದ, ಜೀವವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಸಂಶೋಧಕನಾಗಿ ದುಡಿದ, ನಡುನಡುವೆ ಬಂದು ಹಾಡಿದ. 1981ರಲ್ಲಿ ಈ ತಂಡ ತಿನ್ನುವ ಖುಷಿಯ ಬಗ್ಗೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಹಾಡು ಮಾಡಿತ್ತು. 2016ರಲ್ಲಿ ಅದೇ ಓಟದಲ್ಲಿ ಇನ್ನೊಂದು ಹಾಡು ಬಂತು: ಡಾಕ್ಟರು ರಕ್ತ ಪರೀಕ್ಷೆ ನೋಡಿ ಜಿಡ್ಡಿನ ಪದಾರ್ಥವೆಲ್ಲ ಬಂದ್ ಮಾಡಿದ್ದಾರೆ! ಬೆಣ್ಣೆ ದೋಸೆಯ ಊರಿನವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಡ್ರಮ್ಸ್ ಒಂದಿಷ್ಟೂ ನಿಧಾನವಾಗಿಲ್ಲ. ಐವತ್ತು ದಾಟಿದವರು ಐವತ್ತರ ಮಾತನ್ನೇ ಹಾಡುತ್ತಿದ್ದಾರೆ, ಅದು ನನಗೆ ದೊಡ್ಡ ಧೈರ್ಯವಾಗಿ ಕಾಣುತ್ತದೆ.

ಪ್ಯಾರಮೋರ್ ತಂಡದ ಹೇಲಿ ವಿಲಿಯಮ್ಸ್ 2007ರ 'ರಾಯಟ್' ಆಲ್ಬಂ ಹಾಡಿದಾಗ ಆಕೆಗೆ ಹದಿನೆಂಟು. 2017ರ 'ಆಫ್ಟರ್ ಲಾಫ್ಟರ್'ನಲ್ಲಿ ತಾಳ ಕುಣಿಸುತ್ತದೆ, ಮಾತಿನಲ್ಲಿ ಖಿನ್ನತೆ ತುಂಬಿದೆ.

ಇನ್ನು ಬ್ಲಿಂಕ್-182. 1999ರಲ್ಲಿ ಪೋಲಿ ತಮಾಷೆಯಿಂದಲೇ ಜಗತ್ತನ್ನು ಗೆದ್ದವರು. 2008ರಲ್ಲಿ ಡ್ರಮ್ಮರ್ ಟ್ರ್ಯಾವಿಸ್ ಬಾರ್ಕರ್ ವಿಮಾನ ಅಪಘಾತದಲ್ಲಿ ಬದುಕುಳಿದ. 2021ರಲ್ಲಿ ಬಾಸ್ ಗಿಟಾರ್ ನುಡಿಸುವ ಮಾರ್ಕ್ ಹಾಪಸ್‌ಗೆ ಕ್ಯಾನ್ಸರ್ ಬಂತು. ತಂಡ ಬಿಟ್ಟಿದ್ದ ಟಾಮ್ ಡಿಲಾಂಜ್ 2022ರಲ್ಲಿ ಮರಳಿದ. ನಾವು ಮತ್ತೆ ಮಾತಾಡಲು ಕಾಯಿಲೆಯೇ ಬರಬೇಕಿತ್ತೇ, ವಿಮಾನವೇ ಬೀಳಬೇಕಿತ್ತೇ ಎಂದು 2023ರ 'ಒನ್ ಮೋರ್ ಟೈಮ್' ಹಾಡಿನಲ್ಲಿ ಕೇಳಿಕೊಳ್ಳುತ್ತಾರೆ. ಈ ಮಾತು 1999ರಲ್ಲಿ ಅವರಿಂದ ಬರಲು ಸಾಧ್ಯವೇ ಇರಲಿಲ್ಲ.

ಕಾಲೇಜು ಹಬ್ಬಕ್ಕೆ ತಾಲೀಮು ನಡೆಸುತ್ತಿರುವ ಹುಡುಗರೇ, 1999ರ ಹಾಡನ್ನೇ ನುಡಿಸಿ, ಖುಷಿಯಾಗಿ ನುಡಿಸಿ. ಮುಗಿದ ಮೇಲೆ ಈ 2023ರ ಹಾಡನ್ನೂ ಒಮ್ಮೆ ಪೂರ್ತಿ ಕೇಳಿ. ನಮಸ್ಕಾರ.