ಹಳ್ಳದಾಚೆಯ ಅಟ್ಟ

ಎಲ್ಲರಿಗೂ ನಮಸ್ಕಾರ.

ಈ ಫೆಬ್ರವರಿಯಲ್ಲಿ ತೀರ್ಥಹಳ್ಳಿ ಕಡೆಯ ಒಂದು ಒಂಟಿ ಮನೆಗೆ ಹಳೇ ಪುಸ್ತಕ ತರಲು ಹೋಗಿದ್ದೆ. ಹಂಚು ಇಳಿಸುತ್ತಿದ್ದರು. ಅಟ್ಟದಲ್ಲಿ ಎರಡು ಮರದ ಪೆಟ್ಟಿಗೆ ತುಂಬ ಪುಸ್ತಕ. "ತಗೊಂಡೋಗಿ ಮಾರಾಯ್ರೆ, ಇಲ್ದಿದ್ರೆ ಬಚ್ಚಲೊಲೆಗೆ ಹೋಗ್ತವೆ" ಎಂದರು ಆ ಮನೆಯ ಅಮ್ಮ. ಹೇಳುವಾಗ ಅವರ ಕಣ್ಣು ತುಂಬಿತ್ತು. ಅವು ಅವರ ಮಾವನ ಪುಸ್ತಕಗಳು.

ಆ ಮನೆಗೆ ಜೀಪು ಹೋಗುವುದಿಲ್ಲ. ನಡುವೆ ಹಳ್ಳ, ಅದಕ್ಕೊಂದು ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಹೀಗಾಗಿ ನಮ್ಮ ಕುದುರೆ ಗೌರಿಯನ್ನು ಕರೆದುಕೊಂಡು ಹೋಗಿದ್ದೆ. ಸಂಕದ ಮೇಲೆ ಕುದುರೆ ನಡೆಯಲಾರದು, ಪಕ್ಕದಲ್ಲಿ ಹಳ್ಳಕ್ಕೇ ಇಳಿಸಿ ದಾಟಿಸಬೇಕು. ಆ ತಿಂಗಳಲ್ಲಿ ನೀರು ಕಡಿಮೆ. ಜುಲೈನಲ್ಲಾದರೆ ಆಗದ ಮಾತು.

ಕುದುರೆಗೂ ಪುಸ್ತಕಕ್ಕೂ ಏನು ಸಂಬಂಧ ಅಂತ ತುಂಬಾ ಜನ ಕೇಳುತ್ತಾರೆ. ನಮ್ಮ ಮಳೆಯಲ್ಲಿ ಎರಡಕ್ಕೂ ದಿನಾ ಕೈ ತಾಗಬೇಕು. ನನಗೆ ಅದನ್ನು ಮೊದಲು ಕಲಿಸಿದ್ದು ಕುದುರೆ.

ನಾವು ದನ ಸಾಕಿದ ಜನ ಅಲ್ವಾ? ಕುದುರೆಯನ್ನೂ ದನದ ಹಾಗೇ ನೋಡಿಕೊಳ್ಳಲು ಹೋಗುತ್ತೇವೆ. ನಾನೂ ಹಾಗೇ ಮಾಡಿದ್ದೆ. ದನಕ್ಕೆ ಮೆಲುಕು ಹಾಕುವ ಹೊಟ್ಟೆ ಇದೆ, ಹುಲ್ಲು ಒಮ್ಮೆಗೇ ಹಾಕಿದರೂ ನಡೆಯುತ್ತದೆ. ಕುದುರೆಯ ಹೊಟ್ಟೆ ಅದರ ಮೈಗೆ ಹೋಲಿಸಿದರೆ ಚಿಕ್ಕದು. ವಾಂತಿ ಮಾಡಲೂ ಅದಕ್ಕೆ ಆಗುವುದಿಲ್ಲ. ಒಂದು ರಾತ್ರಿ ಹುರುಳಿ ಜಾಸ್ತಿ ಹಾಕಿಬಿಟ್ಟೆ. ಗೌರಿ ಹೊಟ್ಟೆನೋವಿಗೆ ಬೆಳಗಿನವರೆಗೂ ನೆಲಕ್ಕೆ ಬಿದ್ದು ಹೊರಳಿದಳು. ಡಾಕ್ಟರು ಬಂದು ಉಳಿಸಿದರು. ಅಂದಿನಿಂದ ಹುಲ್ಲೇ ಮುಖ್ಯ, ಅದೂ ಸ್ವಲ್ಪ ಸ್ವಲ್ಪ, ದಿನವಿಡೀ.

ಮಳೆಗಾಲದಲ್ಲಿ ಗೊರಸಿನದ್ದೇ ಚಿಂತೆ. ಕೆಸರಲ್ಲಿ ನಿಂತರೆ ಗೊರಸಿನ ಅಡಿಯ ಮೆತ್ತನೆಯ ಭಾಗ ಕಪ್ಪಾಗಿ ಕೊಳೆಯುತ್ತದೆ. ಕಣ್ಣಿಗೆ ಕಾಣುವ ಮೊದಲೇ ವಾಸನೆ ಬರುತ್ತದೆ. ದಿನಾ ನಾಲ್ಕೂ ಕಾಲೆತ್ತಿ ಕೊಕ್ಕೆಯಿಂದ ಕೆರೆದು, ಒರೆಸಿ, ಒಣ ದರಗು (ಉದುರಿದ ಎಲೆ) ಹಾಸಿದ ಜಾಗದಲ್ಲಿ ನಿಲ್ಲಿಸಬೇಕು. ಉಂಬಳ (ಜಿಗಣೆ) ಕಚ್ಚಿದೆಯಾ ಅಂತಲೂ ನೋಡಬೇಕು. ಒಂದು ವಾರ ಬಿಟ್ಟರೆ ಕುಂಟು.

ಪುಸ್ತಕವೂ ಹೀಗೇ ಹಾಳಾಗುತ್ತದೆ. ಹಿಂದೆ ಅಡುಗೆಮನೆಯ ಹೊಗೆ ಅಟ್ಟಕ್ಕೆ ಏರುತ್ತಿತ್ತು. ಹಾಳೆ ಕಂದಾಗುತ್ತಿತ್ತು ನಿಜ, ಆದರೆ ಬಿಸಿ ಮತ್ತು ಹೊಗೆಗೆ ತೇವ, ಹುಳ ಎರಡೂ ಹತ್ತಿರ ಬರುತ್ತಿರಲಿಲ್ಲ. ಗ್ಯಾಸ್ ಬಂತು, ಅಮ್ಮಂದಿರ ಕಣ್ಣುರಿ ತಪ್ಪಿತು. ಅದು ಒಳ್ಳೆಯದೇ. ಅಟ್ಟ ಮಾತ್ರ ತಣ್ಣಗಾಯಿತು. ನಾನು ನೋಡಿದ ಮನೆಗಳಲ್ಲಿ ಬೂಷ್ಟು, ಗೆದ್ದಲು ಜಾಸ್ತಿಯಾಗಿದ್ದು ಆಮೇಲೆ. ಯಾರೂ ಬೇಕಂತ ಪುಸ್ತಕ ಹಾಳು ಮಾಡಲಿಲ್ಲ.

ಹಳೆಯ ಓಲೆಗರಿ ಕಟ್ಟುಗಳ ಕೊನೆಯಲ್ಲಿ ಬರೆಯುತ್ತಿದ್ದ ಒಂದು ಶ್ಲೋಕ ಇದೆ. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು ಅಂತ ಪುಸ್ತಕವೇ ಬೇಡಿಕೊಳ್ಳುತ್ತದೆ. ಹೇರು ಕಟ್ಟುವಾಗ ನನಗೆ ಆ ಮೂರನೆಯ ಮಾತು ನೆನಪಾಗುತ್ತದೆ. ಕುದುರೆ ತನ್ನ ತೂಕದ ಐದರಲ್ಲೊಂದು ಪಾಲಿಗಿಂತ ಜಾಸ್ತಿ ಹೊರಬಾರದು, ಜೀನಿನ ಭಾರವೂ ಸೇರಿ. ಗೌರಿ ಸುಮಾರು 300 ಕೆಜಿ. ಅಂದರೆ ಒಟ್ಟು 60 ಕೆಜಿ. ಏರು ದಾರಿ ಅಂತ ನಾವು ಬದಿಗೆ 20 ಕೆಜಿ ಮಾತ್ರ ಕಟ್ಟುತ್ತೇವೆ. ಎರಡೂ ಬದಿ ಸಮ ಇರಬೇಕು. ಒಂದು ಕಡೆ ಜೋತರೆ ಅವಳ ಬೆನ್ನು ಹುಣ್ಣಾಗುತ್ತದೆ, ಪುಸ್ತಕದ ಮೂಲೆಯೂ ಮುರಿಯುತ್ತದೆ. ಆ ಎರಡು ಪೆಟ್ಟಿಗೆಗೆ ಮೂರು ಸಲ ಹಳ್ಳ ದಾಟಿದೆವು.

ಆದರೆ ಅದೇ ಶ್ಲೋಕದ ಕೊನೆಯ ಮಾತು, ನನ್ನನ್ನು ಮೂರ್ಖರ ಕೈಗೆ ಕೊಡಬೇಡ ಅನ್ನುವುದು, ನನಗೆ ಒಪ್ಪಿಗೆಯಿಲ್ಲ. ಯಾರು ಕೇಳಿದರೂ ಕೊಡೋಣ.

ಮನೆಗೆ ತಂದ ಮೇಲೆ ಒಣಗಿಸುವುದು. ನೆನೆದ ಪುಸ್ತಕಕ್ಕೆ ಎರಡು ದಿನದೊಳಗೆ ಬೂಷ್ಟು ಹಿಡಿಯುತ್ತದೆ. ಮೊದಲ ವರ್ಷ ನಾನು ಬಿರುಬಿಸಿಲಿಗೆ ಹಾಕಿ ರಟ್ಟೆಲ್ಲ ಸೊಟ್ಟಗಾಯಿತು. ಈಗ ನೆರಳಲ್ಲಿ, ಗಾಳಿಗೆ, ಪುಸ್ತಕವನ್ನು ಬಿಡಿಸಿ ನಿಲ್ಲಿಸುತ್ತೇವೆ. ಹಾಳೆಗಳ ನಡುವೆ ಹಳೇ ಪೇಪರ್. ಆಮೇಲೆ ಮೆತ್ತನೆಯ ಬ್ರಷ್. ಗೆದ್ದಲು ಪೂರ್ತಿ ತಿಂದಿದ್ದನ್ನು ಬಿಡಬೇಕಾಗುತ್ತದೆ. ಅಂಥ ದಿನ ಊಟ ಸೇರುವುದಿಲ್ಲ.

ಆ ಪೆಟ್ಟಿಗೆಯ ಒಂದು ಪುಸ್ತಕದ ಬೆಲೆ ಆಣೆಯಲ್ಲಿತ್ತು. 1957ರಲ್ಲಿ ನಯಾಪೈಸೆ ಬರುವ ಮುಂಚಿನದ್ದಿರಬೇಕು. ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ಕರು ಹಾಕಿದ ದಿನ, ಮೊದಲ ಮಳೆ ಬಿದ್ದ ದಿನ, ಅಡಿಕೆಗೆ ಸಿಕ್ಕ ದರ. ಆ ಹಾಳೆಯ ಫೋಟೋ ತೆಗೆದು ಆ ಮನೆಯ ಅಮ್ಮನಿಗೆ ತೋರಿಸಿದೆ. ಅವರು ಆ ಪುಸ್ತಕ ವಾಪಸ್ ಕೇಳಿದರು. ಕೂಡಲೇ ಕೊಟ್ಟೆ. ಉಳಿದವು ಈಗ ನಿಮ್ಮ ಈ ಗ್ರಂಥಾಲಯದ ಎಡಗಡೆ ಕಪಾಟಿನಲ್ಲಿವೆ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಊರು ಬಿಟ್ಟ ಮುಳುಗಡೆಯ ಜನರ ಪುಸ್ತಕಗಳೂ ಎಲ್ಲೆಲ್ಲಿ ಹೋದವೋ ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ.

ಈಗ ಏಪ್ರಿಲ್. ಮಳೆ ಹಿಡಿಯುವ ಮುಂಚೆ ಹಳ್ಳದಾಚೆಯ ಇನ್ನೂ ಎರಡು ಮನೆಗೆ ಹೋಗಬೇಕು. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಇಲ್ಲಿಂದಲೇ ಹೊರಡುತ್ತೇವೆ. ಬರುವವರು ಹಳೇ ಹತ್ತಿ ಬಟ್ಟೆ, ಗೋಣಿಚೀಲ ತನ್ನಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರುತ್ತದೆ. ಗೌರಿಗೆ ಒಂದು ಕ್ಯಾರೆಟ್ ತಂದರೂ ಸಾಕು, ಚಿಕ್ಕದಾಗಿ ಹೆಚ್ಚಿಕೊಂಡು ಬನ್ನಿ.