ಹಾವು ಕಚ್ಚಿದವರ ನಿರೀಕ್ಷೆ

ಕೇಳುಗರೆ, ನಮಸ್ಕಾರ.

“ಯೋಚನೆ ಮಾಡಬೇಡಿ, ಎಲ್ಲ ಸರಿಹೋಗುತ್ತದೆ” ಎಂದು ಯಾರಾದರೂ ಹೇಳಿದಾಗ ಕಷ್ಟದಲ್ಲಿರುವವರಿಗೆ ಒಳಗೊಳಗೇ ಸಿಟ್ಟು ಬರುವುದುಂಟು. ನಾಳೆಯ ಸುದ್ದಿ ಇವರಿಗೆ ಯಾರು ಹೇಳಿದರು? ಆ ಸಿಟ್ಟು ನ್ಯಾಯವಾದದ್ದೇ. ಕ್ರೈಸ್ತರು ನಿರೀಕ್ಷೆ, ಅಂದರೆ ದೇವರಲ್ಲಿಟ್ಟ ಭರವಸೆ, ಎಂದು ಹೇಳುವಾಗ ಅದನ್ನೂ ಇಂಥ ಸಮಾಧಾನದ ಮಾತು ಎಂದು ತಿಳಿಯುವವರು ಬಹಳ. ಕ್ರೈಸ್ತರಲ್ಲೇ ಅನೇಕರು ಹಾಗೆ ತಿಳಿದಿದ್ದಾರೆ.

ಬೈಬಲಿನಲ್ಲಿ ಯೇಸುವಿನ ಶಿಷ್ಯ ಪೇತ್ರನ ಹೆಸರಿನಲ್ಲಿರುವ ಮೊದಲನೆಯ ಪತ್ರವನ್ನು ನೋಡಿ. ಅದು ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಎಂಬ ಸೀಮೆಗಳಲ್ಲಿ, ಅಂದರೆ ಇಂದಿನ ಟರ್ಕಿ ದೇಶದಲ್ಲಿ, ಚದರಿಹೋಗಿದ್ದ ವಿಶ್ವಾಸಿಗಳಿಗೆ ಬರೆದದ್ದು. ನೆರೆಹೊರೆಯವರ ನಿಂದೆ, ಅನುಮಾನ, ಕಿರುಕುಳ ಅವರ ಪಾಡಾಗಿತ್ತು. ಕಷ್ಟವೇ ಇಲ್ಲದ ಬದುಕು ಸಿಗುತ್ತದೆ ಎಂದು ಆ ಪತ್ರ ಅವರಿಗೆ ಮಾತು ಕೊಡುವುದಿಲ್ಲ. ದೇವರು ಯೇಸುಕ್ರಿಸ್ತನನ್ನು ಸತ್ತವರೊಳಗಿಂದ ಎಬ್ಬಿಸಿದ್ದರಿಂದ ನಮಗೆ ಹೊಸ ಹುಟ್ಟೂ ಜೀವವುಳ್ಳ ನಿರೀಕ್ಷೆಯೂ ದೊರೆತವು ಎನ್ನುತ್ತದೆ. ನಿರೀಕ್ಷೆಯ ಬೇರು ಎಲ್ಲಿದೆ ಗಮನಿಸಿ. ನಾಳೆ ಏನಾದೀತು ಎಂಬ ಲೆಕ್ಕಾಚಾರದಲ್ಲಿ ಅದು ಇಲ್ಲ; ಆಗಲೇ ನಡೆದುಹೋದ ಒಂದು ಸಂಗತಿಯಲ್ಲಿದೆ.

ಹಾಗಾದರೆ ಆ ಹೊಸ ಹುಟ್ಟು ಎಂಥದು? ಯೇಸುಸ್ವಾಮಿಯ ಬದುಕನ್ನು ಹೇಳುವ ಬೈಬಲಿನ ಪುಸ್ತಕಗಳಲ್ಲಿ ಒಂದಾದ ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಈ ಮಾತು ಎದ್ದದ್ದು ಒಂದು ರಾತ್ರಿ. ಯೇಸುಸ್ವಾಮಿಯ ಬಳಿಗೆ ಬಂದವನು ನಿಕೊದೇಮ. ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯರೆಂಬ ಯೆಹೂದ್ಯ ಪಂಗಡದವನು, ಯೆಹೂದ್ಯರ ಹಿರೀಸಭೆಯಲ್ಲಿ ಸ್ಥಾನವಿದ್ದವನು, ಜನಕ್ಕೆ ಬೋಧಿಸುತ್ತಿದ್ದವನು. ನನಗೆ ಈ ಅಧ್ಯಾಯದಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಇದು: ಹೊಸದಾಗಿ ಹುಟ್ಟಬೇಕು ಎಂದು ಯೇಸುಸ್ವಾಮಿ ಹೇಳಿದ್ದು ಕಳ್ಳನಿಗಲ್ಲ, ಕುಡುಕನಿಗಲ್ಲ, ಊರೇ ಗೌರವಿಸುವ ದೊಡ್ಡ ಮನುಷ್ಯನಿಗೆ. ಒಳ್ಳೆಯ ನಡತೆಯನ್ನು ಇನ್ನಷ್ಟು ತಿದ್ದಿಕೊಂಡರೆ ಸಾಕು ಎಂದಿದ್ದರೆ ಅವನು ಸಂತೋಷದಿಂದ ಒಪ್ಪುತ್ತಿದ್ದನೋ ಏನೋ. ಹುಟ್ಟು ಹಾಗಲ್ಲ. ಯಾರೂ ತಮ್ಮನ್ನು ತಾವೇ ಹುಟ್ಟಿಸಿಕೊಂಡಿಲ್ಲ. ಅದಕ್ಕೇ ಅವನು ತಬ್ಬಿಬ್ಬಾಗಿ, ಮುದುಕನಾದವನು ಮತ್ತೆ ಹುಟ್ಟುವುದು ಹೇಗೆ ಎಂದು ಕೇಳುತ್ತಾನೆ.

ಯೇಸುಸ್ವಾಮಿ ಮೊದಲು ಗಾಳಿಯ ಮಾತೆತ್ತುತ್ತಾರೆ: ಸದ್ದು ಕೇಳುತ್ತದೆ, ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ತಿಳಿಯುವುದಿಲ್ಲ, ದೇವರ ಆತ್ಮನಿಂದ ಹುಟ್ಟುವವರೂ ಹಾಗೆಯೇ. ನಿಕೊದೇಮ ಮತ್ತೆ ಹೇಗೆ ಎನ್ನುತ್ತಾನೆ. ಆಗ ಅವನಿಗೆ ಚೆನ್ನಾಗಿ ಗೊತ್ತಿದ್ದ ಒಂದು ಹಳೆಯ ಕಥೆ ಬರುತ್ತದೆ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಅರಣ್ಯಕಾಂಡ ಎಂಬ ಪುಸ್ತಕದ 21ನೆಯ ಅಧ್ಯಾಯದ್ದು. ಮರುಭೂಮಿಯಲ್ಲಿ ಇಸ್ರಾಯೇಲರು ಗೊಣಗಿದರು, ವಿಷದ ಹಾವುಗಳು ಬಂದು ಕಚ್ಚಿದವು, ಬಹಳ ಜನ ಸತ್ತರು. ಉಳಿದವರು ತಮ್ಮ ನಾಯಕ ಮೋಶೆಯ ಬಳಿಗೆ ಓಡಿಬಂದು, ಈ ಹಾವುಗಳನ್ನು ತೊಲಗಿಸು ಎಂದು ದೇವರನ್ನು ಬೇಡಿಕೋ ಅಂದರು. ಮೋಶೆ ಬೇಡಿದ. ಸಿಕ್ಕ ಉತ್ತರ ವಿಚಿತ್ರ: ಒಂದು ತಾಮ್ರದ ಹಾವನ್ನು ಮಾಡಿಸಿ ಕಂಬದ ಮೇಲೆ ಏರಿಸು, ಕಚ್ಚಿಸಿಕೊಂಡವರು ಅದನ್ನು ನೋಡಿ ಬದುಕುವರು.

ಇಲ್ಲಿ ಸ್ವಲ್ಪ ನಿಲ್ಲೋಣ. ಜನ ಕೇಳಿದ್ದು ಹಾವುಗಳು ಹೋಗಲಿ ಎಂದು. ಹಾವುಗಳು ಹೋದವು ಎಂದು ಆ ಭಾಗದಲ್ಲಿ ಎಲ್ಲೂ ಬರೆದಿಲ್ಲ. ಕಚ್ಚಿಸಿಕೊಂಡವನು ತಾಮ್ರದ ಹಾವನ್ನು ನೋಡಿದರೆ ಬದುಕುತ್ತಿದ್ದ ಎಂದಷ್ಟೇ ಇದೆ. ಕಾಯಿಲೆ, ಸಾವು, ಸಾಲ, ಮುರಿದ ಮನೆ, ಇವೆಲ್ಲ ಇರುವ ನೆಲದಲ್ಲೇ ವಿಷಕ್ಕೆ ಮದ್ದು ಸಿಗುತ್ತದೆ. ಮೋಶೆ ಹಾವನ್ನು ಎತ್ತಿದ ಹಾಗೆ ಮನುಷ್ಯಕುಮಾರನೂ, ಅಂದರೆ ತಾವೂ, ಎತ್ತಲ್ಪಡಬೇಕು ಎಂದು ಯೇಸುಸ್ವಾಮಿ ಹೇಳಿದ್ದು ಶಿಲುಬೆಯನ್ನು ಕುರಿತು. ಕಚ್ಚಿಸಿಕೊಂಡವನು ಮಾಡಬೇಕಾದದ್ದೂ ಎಷ್ಟು ಸಣ್ಣದು! ಕಾಣಿಕೆ ತರಬೇಕಿಲ್ಲ, ಎದ್ದು ನಡೆಯಬೇಕಿಲ್ಲ, ಕಂಬದ ಕಡೆಗೆ ಕಣ್ಣೆತ್ತಿದರೆ ಆಯಿತು. ನಂಬಿಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಹೊಸ ಹುಟ್ಟನ್ನು ದೀಕ್ಷಾಸ್ನಾನದ, ಅಂದರೆ ಕ್ರೈಸ್ತ ಸಭೆಗೆ ಸೇರಿಸುವ ನೀರಿನ ಸಂಸ್ಕಾರದ, ಜೊತೆ ಸೇರಿಸಿ ಹೇಳುವ ಸಭೆಗಳಿವೆ. ಒಬ್ಬೊಬ್ಬರೂ ತಾವಾಗಿ ದೇವರ ಕಡೆಗೆ ತಿರುಗಿಕೊಳ್ಳುವ ಗಳಿಗೆಯನ್ನು ಒತ್ತಿ ಹೇಳುವ ಸಭೆಗಳೂ ಇವೆ. ಈ ಚರ್ಚೆ ಹಳೆಯದು, ಇವತ್ತು ಅದಕ್ಕೆ ಕೈಹಾಕುವುದಿಲ್ಲ. ಆದರೆ ಒಂದು ತಪ್ಪು ಎಣಿಕೆ ಎರಡೂ ಕಡೆ ಇದೆ. ಹೊಸದಾಗಿ ಹುಟ್ಟಿದವನು ಮರುದಿನವೇ ಪೂರ್ತಿ ಬೇರೆ ಮನುಷ್ಯನಾಗಿರುತ್ತಾನೆ ಎನ್ನುವುದು.

ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ನಾವಿಕನ ಬದುಕು ಈ ವಿಷಯದಲ್ಲಿ ಮುಜುಗರ ತರುವಂಥದು. 1748ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಹಡಗು ಸಿಕ್ಕಿ ಮುಳುಗುವ ಹೊತ್ತಿನಲ್ಲಿ ಅವನು ದೇವರನ್ನು ಕೂಗಿದ, ಬದುಕಿದ. ಆ ದಿನವನ್ನು ಜೀವನಪೂರ್ತಿ ನೆನೆದ. ಆದರೆ ಆಮೇಲೂ ಗುಲಾಮರನ್ನು ಸಾಗಿಸುವ ಹಡಗುಗಳಿಗೆ ಕಪ್ತಾನನಾದ. 1754ರಲ್ಲಿ ಸಮುದ್ರ ಬಿಟ್ಟದ್ದು ಆರೋಗ್ಯ ಕೆಟ್ಟದ್ದರಿಂದ. 1764ರಲ್ಲಿ ಪಾದ್ರಿಯಾದ. ಗುಲಾಮ ವ್ಯಾಪಾರದ ಘೋರವನ್ನು ಬಿಚ್ಚಿಟ್ಟು, ತನ್ನ ಪಾಲಿನ ಪಾಪವನ್ನೂ ಒಪ್ಪಿಕೊಂಡು ಪುಸ್ತಕ ಬರೆದದ್ದು 1788ರಲ್ಲಿ. ಬಿರುಗಾಳಿಯಿಂದ ಅಲ್ಲಿಗೆ 40 ವರ್ಷ. ತಾನು ನಿಜವಾದ ಅರ್ಥದಲ್ಲಿ ವಿಶ್ವಾಸಿಯಾದದ್ದು ಆ ಬಿರುಗಾಳಿಯ ಎಷ್ಟೋ ಕಾಲದ ಮೇಲೆ ಎಂದು ಅವನೇ ಹೇಳಿಕೊಂಡಿದ್ದಾನೆ. ಆ ನಡುವೆ ಅವನ ಹಡಗಿನಲ್ಲಿ ಸರಪಳಿ ತೊಟ್ಟು ಹೋದವರಿಗೆ ಈ ನಿಧಾನದ ಬೆಲೆ ಏನಾಯಿತು ಎಂಬುದನ್ನು ನಾವು ಮರೆಯಕೂಡದು. ದೇವರ ಕೃಪೆ ದೊಡ್ಡದು ಎಂದು ಹೇಳಿ ಅದನ್ನು ಮುಚ್ಚಿಹಾಕುವುದೂ ಪಾಪವೇ. ಆದರೂ ಮೊಳೆತದ್ದು ಸಾಯಲಿಲ್ಲ. ಮುದುಕನಾದ ಮೇಲೆ ಅವನು ಸತ್ಯ ನುಡಿದ, ಆ ಸಾಕ್ಷ್ಯ ವ್ಯಾಪಾರವನ್ನು ನಿಲ್ಲಿಸಲು ಹೋರಾಡುತ್ತಿದ್ದವರಿಗೆ ಬಲ ಕೊಟ್ಟಿತು. 1807ರಲ್ಲಿ ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿತು. ನ್ಯೂಟನ್ ತೀರಿಕೊಂಡದ್ದೂ ಅದೇ ವರ್ಷ.

“ಇದೆಲ್ಲ ಸರಿ, ನನಗೆ ನಂಬಿಕೆಯೇ ಬರುತ್ತಿಲ್ಲವಲ್ಲ” ಎನ್ನುವವರು ಈಗ ಕೇಳುತ್ತಿರಬಹುದು. ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ನಿಮ್ಮಂಥವನೊಬ್ಬ ಇದ್ದಾನೆ. ಚಿಕ್ಕಂದಿನಿಂದ ನರಳುತ್ತಿದ್ದ ಮಗನನ್ನು ಕರೆದುಕೊಂಡು ಬಂದ ತಂದೆ. ಶಿಷ್ಯರ ಕೈಯಲ್ಲಿ ಆಗಲಿಲ್ಲ. ನಿನ್ನಿಂದ ಏನಾದರೂ ಆಗುವುದಾದರೆ ಕನಿಕರಿಸು ಎಂದು ಯೇಸುಸ್ವಾಮಿಯ ಮುಂದೆ ಅರೆಮನಸ್ಸಿನಿಂದಲೇ ಬೇಡುತ್ತಾನೆ. ಕೊನೆಗೆ ಕೂಗಿಬಿಡುತ್ತಾನೆ: ನಂಬುತ್ತೇನೆ, ನನಗೆ ನಂಬಿಕೆ ಕಡಿಮೆಯಿದೆ, ಸಹಾಯಮಾಡು. ಹೋಗಿ ನಂಬಿಕೆ ಸರಿಮಾಡಿಕೊಂಡು ಬಾ ಎಂದು ಅವನನ್ನು ಕಳಿಸಲಿಲ್ಲ, ಮಗ ಗುಣವಾದ. ಪ್ರಾರ್ಥಿಸಲು ಮಾತು ಸಿಗದವರು ಇವತ್ತು ಆ ತಂದೆಯ ಮಾತನ್ನೇ ಹಾಗೆಯೇ ಎತ್ತಿಕೊಳ್ಳಬಹುದು, ಅದಕ್ಕೆ ಏನನ್ನೂ ಸೇರಿಸಬೇಕಾಗಿಲ್ಲ.

ನಮಸ್ಕಾರ.