ರಕ್ತ ಕೊಟ್ಟಾಯ್ತು, ಊದಿಸಿ ನೋಡಿದಿರಾ?

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸುತ್ತಿದೆಯಾ? ಸರಿ. ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು 'ಎಚ್‌ಐವಿ ಇರುವವರ ಶ್ವಾಸಕೋಶದ ಕಾಯಿಲೆಗೆ ರಕ್ತದಲ್ಲಿ ಸಿಗುವ ಗುರುತುಗಳು' ಅಂತ ಅಚ್ಚು ಹಾಕಿಸಿದ್ದಾರೆ. ಅದನ್ನು ಒಂದೇ ಉಸಿರಿಗೆ ಓದಿದವರ ಶ್ವಾಸಕೋಶ ಗಟ್ಟಿ ಇದೆ ಅಂತಲೇ ಲೆಕ್ಕ.

ಇಲ್ಲಿ ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಸೆಂಟರಿನ ಕೌನ್ಸೆಲರ್‌ಗಳಿದ್ದೀರಿ, ಲ್ಯಾಬಿನವರಿದ್ದೀರಿ, ವರ್ಷಗಟ್ಟಲೆ ಮಾತ್ರೆ ತಪ್ಪಿಸದೆ ನುಂಗಿದವರೂ ಇದ್ದೀರಿ. ರೋಗದ ವಿರುದ್ಧ ಹೋರಾಡುವ ಸಿಡಿ4 ಬಿಳಿ ರಕ್ತಕಣ ಅಂದರೇನು ಅಂತ ನಾನು ಶುರು ಮಾಡಿದರೆ ನೀವೇ ನನ್ನನ್ನು ಕೂರಿಸಿ ಪಾಠ ಹೇಳುತ್ತೀರಿ. ಅದು ಬೇಡ. ನನಗೊಂದು ಸಿಟ್ಟಿದೆ, ಅದನ್ನೇ ಹೇಳಿಬಿಡುತ್ತೇನೆ. ಏದುಸಿರು ಬಿಡುತ್ತಾ ಬರುವ ಜನರ ಕೈಯಲ್ಲಿ ರಕ್ತದ ರಿಪೋರ್ಟು ಇಷ್ಟು ದಪ್ಪ ಇರುತ್ತದೆ. ಉಸಿರು ಊದಿಸಿ ನೋಡಿದ ಒಂದು ಹಾಳೆ ಇರುವುದಿಲ್ಲ.

ಎಚ್‌ಐವಿ ಕಾಯಿಲೆಯ ಕಥೆ ಶುರುವಾಗಿದ್ದೇ ಶ್ವಾಸಕೋಶದಿಂದ. 1981ರ ಜೂನ್ 5ರಂದು ಅಮೆರಿಕದಲ್ಲಿ ಒಂದು ಚಿಕ್ಕ ವರದಿ ಬಂತು. ಲಾಸ್ ಏಂಜಲಿಸ್‌ನ ಐವರು ಯುವಕರಿಗೆ ನ್ಯುಮೋಸಿಸ್ಟಿಸ್ ಅನ್ನುವ ಅಪರೂಪದ ನ್ಯುಮೋನಿಯಾ. ಆಗ ವೈರಸ್ಸಿಗೆ ಹೆಸರೇ ಇರಲಿಲ್ಲ. ನಮ್ಮ ದೇಶದಲ್ಲಿ ಅದು ಪತ್ತೆಯಾಗಿದ್ದು 1986ರಲ್ಲಿ, ಚೆನ್ನೈನಲ್ಲಿ. ಇನ್ನು ಮೈಸೂರಿನವರಿಗೆ ಶ್ವಾಸಕೋಶದ ಕಷ್ಟ ಹೊಸದಲ್ಲ. ಕೆಆರ್‌ಎಸ್ ರಸ್ತೆಯ ಕ್ಷಯದ ಆಸ್ಪತ್ರೆ ಪಿ.ಕೆ. ಸ್ಯಾನಿಟೋರಿಯಂ ಯಾರ ನೆನಪಿಗೆ ಕಟ್ಟಿದ್ದು? ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ. ಅರಮನೆಯೊಳಗೇ ಕ್ಷಯ ನುಗ್ಗಿತ್ತು, ಅಲ್ವಾ.

ಈಗ ನನ್ನ ಆಲೆಮನೆಯ ಮನುಷ್ಯನ ಕಥೆ. ಕೆಲವರು ಇದನ್ನು ಆಗಲೇ ಕೇಳಿದ್ದೀರಿ, ಇನ್ನೊಂದು ಸಲ ಸಹಿಸಿಕೊಳ್ಳಿ. ಮಂಡ್ಯ ಕಡೆಯವರು. ಹೆಸರು, ಊರು ಹೇಳುವುದಿಲ್ಲ. 2017ರ ಎಚ್‌ಐವಿ ಕಾನೂನೂ ಬಿಡುವುದಿಲ್ಲ, ನನ್ನ ಮನಸ್ಸೂ ಬಿಡುವುದಿಲ್ಲ. ಮಾತ್ರೆ ಒಂದು ದಿನ ತಪ್ಪಿಸಿದವರಲ್ಲ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಕಾಣಿಸದಷ್ಟು ಕಡಿಮೆ, ಸಿಡಿ4 500ಕ್ಕಿಂತ ಮೇಲೆ. ಆದರೂ ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು. ಸೀರೆ ಅಂಗಡಿಯ ಚೀಲದ ತುಂಬ ರಿಪೋರ್ಟು. ಯಾವುದೋ ಖಾಸಗಿ ಲ್ಯಾಬಿನ ದೊಡ್ಡ ಪ್ಯಾಕೇಜು. ಉರಿಯೂತ ತೋರಿಸುವ ಸಿಆರ್‌ಪಿ ಸ್ವಲ್ಪ ಜಾಸ್ತಿ, ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ಸ್ವಲ್ಪ ಜಾಸ್ತಿ. ಯಾರೋ 'ರಕ್ತ ಹೆಪ್ಪುಗಟ್ಟಿರಬಹುದು' ಅಂದಿದ್ದರು. ಮನೆಯವರು ರಾತ್ರಿ ಎಲ್ಲ ಎದ್ದು ಕೂತು ಇವರ ಉಸಿರು ನೋಡುತ್ತಿದ್ದರಂತೆ. ಇನ್ನೊಬ್ಬರು 'ಟಿಬಿ ಇರಬಹುದು' ಅಂದರು. ಕಫ ಪರೀಕ್ಷೆಯಲ್ಲಿ ಟಿಬಿ ಇರಲಿಲ್ಲ. ಹೆಪ್ಪೂ ಸಿಗಲಿಲ್ಲ. ಇನ್ನೂ ಒಂದು ಪರೀಕ್ಷೆ ಇದೆ ಅಂತ ನಾನು ಅಂದ ಕೂಡಲೇ ತೋಳು ಮಡಚಿ ಮುಂದೆ ಚಾಚಿದರು. 'ಸಾ, ಮೈಲಿರೋ ರಕ್ತ ಎಲ್ಲಾ ಕೊಟ್ಟಾಯ್ತು. ಇನ್ನೇನ್ ಕೊಡ್ಲಿ?' ಅಂತ ಕೇಳಿದರು.

ರಕ್ತ ಬೇಡ, ಉಸಿರು ಕೊಡಿ ಅಂದೆ. ಏನು ಕೆಲಸ ಮಾಡುತ್ತೀರಿ ಅಂತಲೂ ಕೇಳಿದೆ. ಕೊಪ್ಪರಿಗೆಯ ಒಲೆಗೆ ಉರಿ ಹಾಕುವ ಕೆಲಸ. ಹುಡುಗನಾಗಿದ್ದಾಗಿನಿಂದ. ಕಬ್ಬಿನ ಸಿಪ್ಪೆ, ನಮ್ಮ ರಚ್ಚು, ಒಣಗಿಲ್ಲ ಅಂದರೆ ಒಲೆಗೆ ಏನೇನು ಹೋಗುತ್ತದೆ ಅಂತ ಮಂಡ್ಯದವರಿಗೆ ಗೊತ್ತು, ಹಳೇ ಟೈರು ಸಮೇತ. ಜೊತೆಗೆ ಬೀಡಿ. ಬೀಡಿ ಬಗ್ಗೆ ಕೇಳಿದ್ದಕ್ಕೆ 'ಅದೇನ್ ಜಾಸ್ತಿ ಇಲ್ಲ ಸಾ' ಅಂದರು. ಪಕ್ಕದಲ್ಲಿದ್ದ ಹೆಂಡತಿ ಸುಮ್ನೆ ಮೇಲೆ ನೋಡಿದರು. ನನಗೆ ಉತ್ತರ ಸಿಕ್ಕಿತು. ಉಸಿರು ಅಳೆಯುವ ಸ್ಪೈರೋಮೀಟರ್‌ಗೆ ಊದಿಸಿದೆವು. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಒಟ್ಟು ಗಾಳಿಯ ನೂರಕ್ಕೆ 70 ಭಾಗಕ್ಕಿಂತ ಕಡಿಮೆ. ಔಷಧಿ ಎಳೆಸಿ ಮತ್ತೆ ಊದಿಸಿದರೂ ಅಷ್ಟೇ. ಅಂದರೆ ಸಿಒಪಿಡಿ, ಶ್ವಾಸನಾಳ ಕಿರಿದಾಗಿ ಗಾಳಿ ಸರಾಗವಾಗಿ ಹೊರಬರದ ದೀರ್ಘ ಕಾಯಿಲೆ. ಚೀಲದಲ್ಲಿದ್ದ ಯಾವ ರಿಪೋರ್ಟೂ ಇದನ್ನು ಹೇಳಿರಲಿಲ್ಲ, ಹೇಳಲು ಅವುಗಳಿಗೆ ಸಾಧ್ಯವೂ ಇರಲಿಲ್ಲ.

ಹಾಗಂತ ಆ ರಕ್ತ ಸುಳ್ಳು ಹೇಳಿತಾ? ಇಲ್ಲ. ಇಲ್ಲಿಂದಲೇ ವಿಷಯ ರುಚಿಯಾಗುವುದು. ಎಚ್‌ಐವಿ ಮೈಗೆ ಬಂದ ಶುರುವಿನಲ್ಲೇ ಕರುಳಿನ ಗೋಡೆಯಲ್ಲಿರುವ ಸಿಡಿ4 ಕಣಗಳನ್ನು ತಿಂದುಹಾಕುತ್ತದೆ. ಗೋಡೆ ಸಡಿಲವಾಗುತ್ತದೆ. ಕರುಳಿನ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೋರುತ್ತವೆ. ಅವನ್ನು ಕಂಡ ಮಾನೋಸೈಟ್ ಅನ್ನುವ ಬಿಳಿ ರಕ್ತಕಣಗಳು ರೇಗಿ ಸಿಡಿ14 ಅನ್ನುವ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಮಾತ್ರೆ ವೈರಸ್ಸನ್ನು ಮಲಗಿಸಿದರೂ ಈ ರೇಗಾಟ ಪೂರ್ತಿ ನಿಲ್ಲುವುದಿಲ್ಲ. ರಕ್ತದಲ್ಲಿ ಸಿಡಿ14 ಜಾಸ್ತಿ ಇರುವ ಎಚ್‌ಐವಿ ರೋಗಿಗಳಲ್ಲಿ ಎಂಫಿಸೀಮಾ, ಅಂದರೆ ಗಾಳಿಚೀಲಗಳು ಹರಿದು ಹಿಗ್ಗುವುದು, ಹೆಚ್ಚು ಅಂತ ಅಮೆರಿಕದ ಅಧ್ಯಯನದಲ್ಲಿ ಕಂಡಿದೆ. ಸೋರಿಕೆ ಕರುಳಿನಲ್ಲಿ, ಗುರುತು ರಕ್ತದಲ್ಲಿ, ಪೆಟ್ಟು ಶ್ವಾಸಕೋಶದಲ್ಲಿ! ಮೆಡಿಕಲ್ ಕಾಲೇಜಿನಲ್ಲಿ ಮೂರಕ್ಕೂ ಮೂರು ಡಿಪಾರ್ಟ್‌ಮೆಂಟು, ಮೂರು ಮಹಡಿ. ಲಿಫ್ಟ್ ಬೇರೆ ಕೆಟ್ಟಿರುತ್ತದೆ.

ಉರಿಯೂತದ ಇನ್ನೊಂದು ಗುರುತು ಐಎಲ್-6, ಜೊತೆಗೆ ಡಿ-ಡೈಮರ್, ಇವುಗಳ ಕಥೆಯೂ ಹೀಗೇ. ಸ್ಮಾರ್ಟ್ ಅನ್ನುವ ದೊಡ್ಡ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು. ಸಿಡಿ4 ನೋಡಿಕೊಂಡು ಮಾತ್ರೆ ನಿಲ್ಲಿಸಿ ಶುರು ಮಾಡಿದವರಿಗೆ ತೊಂದರೆ ಜಾಸ್ತಿ ಆಯಿತು. ಈ ಎರಡು ಗುರುತು ಮೇಲಿದ್ದವರಲ್ಲಿ ಸಾವೂ ಜಾಸ್ತಿ ಇತ್ತು. ಗಮನಿಸಿ, ಶ್ವಾಸಕೋಶದ ಸಾವು ಅಂತಲ್ಲ, ಒಟ್ಟು ಸಾವು. ಚಾಮುಂಡಿ ಬೆಟ್ಟದ ಮೇಲೆ ನಿಂತರೆ ಊರಲ್ಲೆಲ್ಲೋ ಹೊಗೆ ಎದ್ದಿದ್ದು ಕಾಣುತ್ತದೆ. ಯಾರ ಮನೆಯದು ಅಂತ ತಿಳಿಯಬೇಕಾದರೆ ಬೆಟ್ಟ ಇಳಿದೇ ಹೋಗಬೇಕು. ಶ್ವಾಸಕೋಶದ ಮಟ್ಟಿಗೆ ಇಳಿಯುವುದು ಅಂದರೆ ಏನು? ಹೌದು, ಊದಿಸಿ ನೋಡುವುದು.

ಸಿಆರ್‌ಪಿ ಬಗ್ಗೆ ನನಗೆ ಪ್ರೀತಿ ಇದೆ. ಅಗ್ಗ, ಬೇಗ, ಮಂಡ್ಯದಲ್ಲೂ ಸಿಗುತ್ತದೆ. 1930ರಲ್ಲಿ ಅದನ್ನು ಮೊದಲು ಕಂಡಿದ್ದೇ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಎಚ್‌ಐವಿ ಇರುವವರಲ್ಲಿ ಟಿಬಿ ಜರಡಿ ಹಿಡಿಯಲು ಸಿಆರ್‌ಪಿ ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಲೀಟರಿಗೆ 5 ಮಿಲಿಗ್ರಾಂ ದಾಟಿದರೆ ಕಫ ಪರೀಕ್ಷೆಗೆ ಕಳಿಸಿ ಅಂತ. ಕಳಿಸಿ ಅಂದರು, ಟಿಬಿ ಮಾತ್ರೆ ಕೊಡಿ ಅನ್ನಲಿಲ್ಲ! ಹುಳುಕು ಹಲ್ಲಿಗೆ ಕೀವು ತುಂಬಿದರೂ ಸಿಆರ್‌ಪಿ ಏರುತ್ತದೆ. ಲ್ಯಾಬಿನವರಿಗೆ ಒಂದು ಮಾತು. ಕೆಲವರು ಲೀಟರ್ ಲೆಕ್ಕ ಬರೆಯುತ್ತೀರಿ, ಕೆಲವರು ಡೆಸಿಲೀಟರ್. 0.5 ಮತ್ತು 5 ಒಂದೇ ರಕ್ತ ಆಗಿರಬಹುದು. ಅಳತೆಯನ್ನು ದಪ್ಪಕ್ಷರದಲ್ಲಿ ಹಾಕಿ, ಪುಣ್ಯ ಬರುತ್ತದೆ.

ರಕ್ತವನ್ನು ಅತಿಯಾಗಿ ನಂಬಿ ನಾವು ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ. ಟಿಬಿ ಐಜಿಜಿ, ಐಜಿಎಂ ಅಂತ ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆಗಳಿದ್ದವು, ನೆನಪಿದೆಯಾ? ಗಲ್ಲಿಗಲ್ಲಿಯ ಲ್ಯಾಬಿನಲ್ಲಿ ಮಾಡುತ್ತಿದ್ದರು. ಟಿಬಿ ಇಲ್ಲದವರಿಗೆ ಇದೆ, ಇದ್ದವರಿಗೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ 'ಇವನ್ನು ಬಳಸಬೇಡಿ' ಅಂತ ಖಡಕ್ಕಾಗಿ ಹೇಳಿತು. 2012ರಲ್ಲಿ ನಮ್ಮ ಸರ್ಕಾರ ನಿಷೇಧಿಸಿತು. ಅಷ್ಟರಲ್ಲಿ ಎಷ್ಟು ಜನ ಸುಮ್ಮಸುಮ್ಮನೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದರೋ.

ಗಡಿಯಾರ ತೋರಿಸುತ್ತಿದ್ದಾರೆ. ಆಯಿತು ಆಯಿತು, ಜೋರಾಗಿ ಓಡುತ್ತೇನೆ.

ಎಲ್‌ಡಿಎಚ್, ಜೀವಕಣಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವ. ಸಿಡಿ4 200ಕ್ಕಿಂತ ಕೆಳಗೆ, ಒಣಕೆಮ್ಮು, ನಡೆದಾಡಿಸಿದರೆ ಬೆರಳಿನ ಮೀಟರಿನಲ್ಲಿ ಆಕ್ಸಿಜನ್ ಇಳಿಯುತ್ತದೆ, ಎಕ್ಸ್‌ರೇ ಮಾತ್ರ ಚೆನ್ನಾಗೇ ಇದೆ. ಆಗ ನ್ಯುಮೋಸಿಸ್ಟಿಸ್ ನೆನಪಾಗಬೇಕು. ಎಲ್‌ಡಿಎಚ್ ಮೇಲಿದ್ದರೆ ಅನುಮಾನಕ್ಕೆ ಬಲ ಬರುತ್ತದೆ. ಈ ನ್ಯುಮೋನಿಯಾ ತರುವ ಶಿಲೀಂಧ್ರದ ಗೋಡೆಯಲ್ಲಿರುವ ಬೀಟಾ-ಡಿ-ಗ್ಲೂಕಾನ್ ಇನ್ನೂ ಒಳ್ಳೆಯ ಗುರುತು, ಅದು ಕಡಿಮೆ ಇದ್ದರೆ ಈ ನ್ಯುಮೋನಿಯಾ ಬಹುಶಃ ಅಲ್ಲ. ದುಬಾರಿ. ಆದರೆ ಕೆ.ಆರ್. ಪೇಟೆಯಿಂದ ಬಸ್ಸಿನಲ್ಲಿ ಕುಲುಕಾಡುತ್ತಾ ಬಂದ ರಕ್ತದಲ್ಲಿ ಕೆಂಪು ಕಣ ಒಡೆದಿದ್ದರೆ ಎಲ್‌ಡಿಎಚ್ ಸುಮ್ಮನೆ ಏರಿರುತ್ತದೆ. ಅದು ರೋಗಿಯದಲ್ಲ, ರಸ್ತೆಯದು.

ಸರ್ಫ್ಯಾಕ್ಟಂಟ್ ಪ್ರೋಟೀನ್ ಡಿ, ಕ್ಲಬ್ ಸೆಲ್ ಪ್ರೋಟೀನ್ ಇವೆರಡೂ ಮುಖ್ಯವಾಗಿ ಶ್ವಾಸಕೋಶದಲ್ಲೇ ಹುಟ್ಟುವವು. ಹಾಗಾಗಿ ಆಸೆ ಜಾಸ್ತಿ. ಮೊದಲನೆಯದು ಗಾಯವಾದಾಗ ರಕ್ತಕ್ಕೆ ಸೋರುತ್ತದೆ, ಎರಡನೆಯದು ಸಿಗರೇಟು ಸೇದುವವರಲ್ಲಿ ಕಡಿಮೆಯಾಗುತ್ತದೆ. ಸದ್ಯಕ್ಕೆ ಸಂಶೋಧನೆಗೆ ಮಾತ್ರ, ಹಣ ಕೊಟ್ಟು ಮಾಡಿಸಬೇಡಿ. ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್‌ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಒಪ್ಪಿಗೆ ಕೊಟ್ಟಿತು, ಅದೂ ಸಿಒಪಿಡಿ ಔಷಧಿ ಪ್ರಯೋಗಕ್ಕೆ ಜನರನ್ನು ಆರಿಸಲು ಅಷ್ಟೇ.

ಒಂದೇ ಒಂದು ಮಾತು ಉಳಿದಿದೆ. ಎಚ್‌ಐವಿ ಮಾತ್ರೆ ಬೇಗ ಶುರು ಮಾಡಿದರೆ ಶ್ವಾಸಕೋಶ ಸವೆಯುವುದು ನಿಧಾನವಾಗುತ್ತದಾ? ಸ್ಟಾರ್ಟ್ ಅನ್ನುವ ಪ್ರಯೋಗದ ಶ್ವಾಸಕೋಶದ ಅಧ್ಯಯನ 2016ರಲ್ಲಿ ಊದಿಸಿ ನೋಡಿಯೇ ಉತ್ತರ ಕೊಟ್ಟಿತು. ವ್ಯತ್ಯಾಸ ಕಾಣಲಿಲ್ಲ. ಮಾತ್ರೆ ಬೇರೆ ನೂರು ಕಾರಣಕ್ಕೆ ಬೇಕೇ ಬೇಕು, ಆದರೆ ಬೀಡಿಗೆ, ಒಲೆಯ ಹೊಗೆಗೆ ಅದು ಉತ್ತರವಲ್ಲ.

ಪಕ್ಕದ ಕೋಣೆಯಲ್ಲಿ ಸ್ಪೈರೋಮೀಟರ್ ಇಟ್ಟಿದ್ದಾರೆ, ಪುಕ್ಕಟೆ. ದಮ್ಮು ಇರುವವರು, ಹೊಗೆಯಲ್ಲಿ ಕೆಲಸ ಮಾಡುವವರು ಮೊದಲು ಹೋಗಿ. ಈಗಲೇ ಹೋಗಿ, ಹೊಟ್ಟೆ ತುಂಬಿದ ಮೇಲೆ ಜೋರಾಗಿ ಊದುವುದು ಕಷ್ಟ. ಊಟಕ್ಕೆ ಬಿಸಿಬೇಳೆಬಾತ್ ಅಂತೆ.